ಬಿಸಿಜಿ ಆದ ಮೇಲೆ ಉರಿ: ಔಷಧದ್ದೋ, ಇನ್‌ಫೆಕ್ಷನ್ನಿನದ್ದೋ?

ಎಳೆ ಮಕ್ಕಳಿಗೆ ಕ್ಷಯ ಬರದಿರಲಿ ಅಂತ ತೋಳಿಗೆ ಹಾಕಿಸುತ್ತೇವಲ್ಲ, ಆ ಬಿಸಿಜಿಯನ್ನೇ ಮೂತ್ರಕೋಶದ ಕ್ಯಾನ್ಸರ್‌ಗೂ ಕೊಡುತ್ತಾರೆ. ಕೆನಡಾದ ವೈದ್ಯ ಆಲ್ವಾರೊ ಮೊರಾಲೆಸ್ ಮತ್ತು ಸಂಗಡಿಗರು 9 ರೋಗಿಗಳ ಮೇಲೆ ಇದನ್ನು ಪ್ರಯೋಗಿಸಿ 1976ರಲ್ಲಿ ವರದಿ ಮಾಡಿದರು. ಕ್ಯಾನ್ಸರ್ ಇನ್ನೂ ಸ್ನಾಯುವಿನೊಳಗೆ ಇಳಿಯದೆ ಇದ್ದರೆ, ಗಡ್ಡೆ ತೆಗೆದು ಕೆಲವು ವಾರ ಬಿಟ್ಟು, ವಾರಕ್ಕೊಂದರಂತೆ 6 ಸಲ ಬಿಸಿಜಿ ಕೊಡುವುದು ರೂಢಿ. ಕ್ಯಾತೆಟರ್ ಅನ್ನುವ ತೆಳ್ಳನೆಯ ನಳಿಕೆ ಹಾಕಿ ಔಷಧವನ್ನು ಮೂತ್ರಕೋಶಕ್ಕೆ ಬಿಡುತ್ತಾರೆ. ಸುಮಾರು 2 ಗಂಟೆ ಮೂತ್ರ ಹೋಗದೆ ತಡೆದುಕೊಳ್ಳಬೇಕು.

ಬಿಸಿಜಿ ಅಂದರೆ ಬಲ ಕುಂದಿಸಿದ, ಆದರೆ ಜೀವಂತ ಬ್ಯಾಕ್ಟೀರಿಯಾ. ಅದನ್ನು ಕಂಡ ಕೂಡಲೇ ದೇಹದ ರಕ್ಷಣಾಪಡೆ ಮೂತ್ರಕೋಶಕ್ಕೆ ನುಗ್ಗುತ್ತದೆ, ಕ್ಯಾನ್ಸರ್ ಕೋಶಗಳ ಮೇಲೂ ಬೀಳುತ್ತದೆ. ಈ ಗಲಾಟೆಗೆ ಒಳಪದರ ಕೆಂಪಾಗಿ ಊದಿಕೊಳ್ಳುತ್ತದೆ. ಹಾಗಾಗಿ ಆ ರಾತ್ರಿ ಉರಿ, ಪದೇ ಪದೇ ಮೂತ್ರಕ್ಕೆ ಓಡುವುದು, ಒಂಚೂರು ರಕ್ತ, ಸಣ್ಣ ಜ್ವರ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ.

ತೊಂದರೆ ಏನಪ್ಪಾ ಅಂದರೆ, ಮೂತ್ರದ ಇನ್‌ಫೆಕ್ಷನ್ ಆದರೂ ಇವೇ ಲಕ್ಷಣಗಳು. ಇನ್‌ಫೆಕ್ಷನ್ ಆಗಲು ಕಾರಣಗಳೂ ಬೇಕಾದಷ್ಟಿವೆ. ಪ್ರತಿ ಸಲ ಕ್ಯಾತೆಟರ್ ಒಳಗೆ ಹೋಗುತ್ತದೆ, ಒಳಪದರ ಮೊದಲೇ ಗಾಯಗೊಂಡಿದೆ. ವಯಸ್ಸಾದ ಗಂಡಸರಿಗೆ ಮೂತ್ರಕೋಶದ ಕೆಳಗಿನ ಪ್ರಾಸ್ಟೇಟ್ ಗ್ರಂಥಿ ಅಡ್ಡ ಬಂದು ಮೂತ್ರ ಪೂರ್ತಿ ಖಾಲಿಯಾಗುವುದಿಲ್ಲ. ಮೂತ್ರದ ಇನ್‌ಫೆಕ್ಷನ್‌ಗೆ ಹೆಚ್ಚಾಗಿ ಕಾರಣವಾಗುವ ಇ. ಕೊಲಿ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ 20 ನಿಮಿಷಕ್ಕೊಮ್ಮೆ ದುಪ್ಪಟ್ಟಾಗುತ್ತದೆ. ಅವುಗಳಲ್ಲಿ ಕೆಲವು ಒಳಪದರದ ಕೋಶಗಳೊಳಗೇ ಅವಿತು ಕೂರುತ್ತವೆ. ಆಂಟಿಬಯಾಟಿಕ್ ಕೋರ್ಸ್ ಮುಗಿಸಿದ ಮೇಲೂ ಇನ್‌ಫೆಕ್ಷನ್ ಮರುಕಳಿಸುವುದಕ್ಕೆ ಇದೂ ಒಂದು ಕಾರಣ.

ಇಂಥ ಹೊತ್ತಲ್ಲಿ ಮಾಮೂಲಿ ಯೂರಿನ್ ಟೆಸ್ಟ್ ನಂಬಿಕೊಂಡು ಕೂರಬಾರದು. ರಿಪೋರ್ಟಿನಲ್ಲಿ ‘ಪಸ್ ಸೆಲ್ಸ್’ ಜಾಸ್ತಿ ಅಂತ ಬಂದ ಕೂಡಲೇ ಮನೆಯವರೆಲ್ಲ ಗಾಬರಿಯಾಗುತ್ತಾರೆ. ಅವು ಬಿಳಿ ರಕ್ತಕಣಗಳು. ಬಿಸಿಜಿ ಅವನ್ನೇ ಕರೆತರುವ ಔಷಧ! ಉತ್ತರ ಬೇಕಾದರೆ ಯೂರಿನ್ ಕಲ್ಚರ್ ಆಗಬೇಕು, ಅಂದರೆ ಮೂತ್ರದಲ್ಲಿನ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡಬೇಕು, ಅದೂ ಆಂಟಿಬಯಾಟಿಕ್ ಮಾತ್ರೆ ನುಂಗುವ ಮುಂಚೆ. ತೊಳೆದುಕೊಂಡು, ಮೊದಲ ಧಾರೆ ಬಿಟ್ಟು, ನಡುವಿನ ಧಾರೆಯನ್ನು ಲ್ಯಾಬ್ ಕೊಟ್ಟ ಬಾಟಲಿಯಲ್ಲಿ ಹಿಡಿದು ಬೇಗ ತಲುಪಿಸಬೇಕು. ರಿಪೋರ್ಟಿಗೆ ಎರಡು ಮೂರು ದಿನ ಹಿಡಿಯುತ್ತದೆ. ಯಾವ ಬ್ಯಾಕ್ಟೀರಿಯಾ, ಯಾವ ಆಂಟಿಬಯಾಟಿಕ್‌ಗೆ ಬಗ್ಗುತ್ತದೆ ಎರಡೂ ತಿಳಿಯುತ್ತದೆ. ಬ್ಯಾಕ್ಟೀರಿಯಾ ಇದ್ದು ಯಾವ ತೊಂದರೆಯೂ ಇಲ್ಲದಿದ್ದರೆ ಎಷ್ಟೋ ಸಲ ಔಷಧ ಬೇಕಾಗುವುದೇ ಇಲ್ಲ. ಸುಮ್ನೆ ಕೊಟ್ಟರೆ ಔಷಧಕ್ಕೆ ಜಗ್ಗದ ತಳಿಗಳು ಉಳಿದುಕೊಳ್ಳುತ್ತವೆ.

ಮೆಡಿಕಲ್ ಶಾಪಿನಿಂದ ಸಿಪ್ರೊಫ್ಲಾಕ್ಸಸಿನ್, ಆಫ್ಲಾಕ್ಸಸಿನ್ ತಂದು ನುಂಗುವವರಿಗೆ ಇನ್ನೊಂದು ಮಾತು. ಈ ಗುಂಪಿನ ಔಷಧಗಳು ಕ್ಷಯದ ಕುಲದ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತವೆ. ಬಿಸಿಜಿಯೂ ಅದೇ ಕುಲ. ಅಷ್ಟು ಕಷ್ಟಪಟ್ಟು ಹಾಕಿಸಿಕೊಂಡ ಔಷಧದ ಬಲವನ್ನು ನಾವೇ ಕುಗ್ಗಿಸಿದಂತಾಗಬಹುದು, ಅಲ್ವಾ? ಯಾವ ಆಂಟಿಬಯಾಟಿಕ್, ಯಾವಾಗ ಅನ್ನುವುದನ್ನು ಬಿಸಿಜಿ ಕೊಡುವ ಯೂರಾಲಜಿಸ್ಟೇ ಹೇಳಲಿ.

ಮುಂದಿನ ಬಿಸಿಜಿಯ ಡೇಟ್ ತಪ್ಪುತ್ತದೆ ಅಂತ ಉರಿ, ಜ್ವರ ಮುಚ್ಚಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇನ್‌ಫೆಕ್ಷನ್ ಇರುವಾಗ, ಮೂತ್ರದಲ್ಲಿ ರಕ್ತ ಕಾಣುವಾಗ ಬಿಸಿಜಿ ಕೊಟ್ಟರೆ ಅದು ರಕ್ತಕ್ಕೆ ಸೇರುವ ಅಪಾಯವಿದೆ. ಅದಕ್ಕೇ ವೈದ್ಯರು ಮುಂದೂಡುತ್ತಾರೆ.

ನೀರಿನ ವಿಷಯ. ಪದೇ ಪದೇ ಇನ್‌ಫೆಕ್ಷನ್ ಆಗುತ್ತಿದ್ದ, ನೀರು ಕಮ್ಮಿ ಕುಡಿಯುತ್ತಿದ್ದ ಹೆಂಗಸರು ದಿನಕ್ಕೆ 1.5 ಲೀಟರ್ ಹೆಚ್ಚು ಕುಡಿದಾಗ ಇನ್‌ಫೆಕ್ಷನ್ ಕಡಿಮೆಯಾಯಿತು ಎಂದು 2018ರ ಅಧ್ಯಯನವೊಂದು ತೋರಿಸಿತು. ಅವರು ಮುಟ್ಟು ನಿಲ್ಲದ, ಕ್ಯಾನ್ಸರ್ ಇಲ್ಲದ ಹೆಂಗಸರು. ಆದರೂ ಹೃದಯ, ಕಿಡ್ನಿ ತೊಂದರೆ ಇಲ್ಲದವರು ಚೆನ್ನಾಗಿ ನೀರು ಕುಡಿಯುವುದು ಒಳ್ಳೆಯದೇ. ಬಿಸಿಜಿಗೆ ಮುಂಚಿನ ಕೆಲವು ಗಂಟೆ ಮಾತ್ರ ಕಮ್ಮಿ ಮಾಡಿ, ಇಲ್ಲದಿದ್ದರೆ ತಡೆದುಕೊಳ್ಳುವುದು ಕಷ್ಟ.

ಇನ್ನು ಜ್ವರ 101 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಮೈ ನಡುಗುವ ಚಳಿ ಬಂದರೆ ಅಥವಾ ಒಂದೆರಡು ದಿನಕ್ಕೂ ಜ್ವರ ಬಿಡದಿದ್ದರೆ ಮನೆಯಲ್ಲಿ ಕಾಯಬೇಡಿ. ಬಿಸಿಜಿಯೇ ಮೈಗೆ ಹರಡಿದ್ದರೆ ಮಾಮೂಲಿ ಕಲ್ಚರ್‌ನಲ್ಲಿ ಅದು ಕಾಣುವುದಿಲ್ಲ, ಬೆಳೆಯಲು ವಾರಗಟ್ಟಲೆ ಬೇಕು. ಅದಕ್ಕೆ ಕೊಡುವುದು ಐಸೊನಿಯಾಜಿಡ್, ರಿಫಾಂಪಿಸಿನ್‌ನಂಥ ಕ್ಷಯದ ಮಾತ್ರೆಗಳು. ರಾತ್ರಿ ಪಾಳಿಯ ಡಾಕ್ಟರಿಗೆ ನೀವು ಯಾರೆಂದು ಗೊತ್ತಿರುವುದಿಲ್ಲ. ‘ಮೂತ್ರಕೋಶಕ್ಕೆ ಬಿಸಿಜಿ ಹಾಕಿಸಿಕೊಳ್ಳುತ್ತಿದ್ದೇನೆ, ಕೊನೆಯದು ಇಂಥ ದಿನ ಆಯಿತು’ ಅಂತ ಮೊದಲೇ ಹೇಳಿಬಿಡಿ.