‘ಕಳ್ಳನಿಗೇ ವೋಟು ಹಾಕಿ’: ಅಮೆರಿಕದ ಕಾರುಗಳ ಬೆನ್ನ ಮೇಲಿನ ರಾಜಕೀಯ ನಗೆ

1991ರ ನವೆಂಬರ್. ಅಮೆರಿಕದ ಲೂಸಿಯಾನಾ ರಾಜ್ಯದಲ್ಲಿ ಗವರ್ನರ್ ಚುನಾವಣೆ. ಅಲ್ಲಿನ ಕಾರುಗಳ ಹಿಂದೆ ಒಂದು ಸ್ಟಿಕರ್ ಕಾಣತೊಡಗಿತು: ‘ಕಳ್ಳನಿಗೇ ವೋಟು ಹಾಕಿ. ಇದು ಮುಖ್ಯ.’ ಇಂಗ್ಲಿಷಿನಲ್ಲಿ ಬರೀ ಆರು ಪದ.

ತಮಾಷೆ ಏನೆಂದರೆ, ಇದನ್ನು ಅಂಟಿಸಿಕೊಂಡವರು ಆ ‘ಕಳ್ಳ’ನ ಎದುರು ಪಾರ್ಟಿಯವರಲ್ಲ. ಅವನಿಗೇ ವೋಟು ಹಾಕಲು ಹೊರಟವರು. ಕಳ್ಳ ಅನ್ನಿಸಿಕೊಂಡವರು ಎಡ್ವಿನ್ ಎಡ್ವರ್ಡ್ಸ್. ಅಷ್ಟರಲ್ಲೇ ಮೂರು ಬಾರಿ ಗವರ್ನರ್ ಆಗಿದ್ದವರು. ಭ್ರಷ್ಟಾಚಾರದ ಕೇಸಿನಲ್ಲಿ ಕೋರ್ಟು ಹತ್ತಿ, 1986ರಲ್ಲಿ ಖುಲಾಸೆಯಾಗಿ ಹೊರಬಂದವರು. ಜನ ಮಾತ್ರ ಖುಲಾಸೆ ಮಾಡಿರಲಿಲ್ಲ. ಎದುರಿಗೆ ನಿಂತವನು ಡೇವಿಡ್ ಡ್ಯೂಕ್, ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ದ್ವೇಷ ಸಂಘಟನೆಯ ಮಾಜಿ ಮುಖಂಡ. ಒಂದು ಕಡೆ ಬಾವಿ, ಇನ್ನೊಂದು ಕಡೆ ಪ್ರಪಾತ. ಜನ ಬಾವಿಯನ್ನೇ ಆರಿಸಿಕೊಂಡರು. ಎಡ್ವರ್ಡ್ಸ್‌ಗೆ ಶೇ. 61ರಷ್ಟು ಮತ ಬಿತ್ತು.

ಕಥೆಗೆ ಬಾಲವೂ ಇದೆ. ನದಿಯ ಮೇಲಿನ ತೇಲುವ ಜೂಜುಕಟ್ಟೆಗಳ ಲೈಸೆನ್ಸ್ ವಿಚಾರದಲ್ಲಿ ಸುಲಿಗೆ ಮಾಡಿದ್ದಕ್ಕೆ 2000ದಲ್ಲಿ ಎಡ್ವರ್ಡ್ಸ್ ತಪ್ಪಿತಸ್ಥರೆಂದು ತೀರ್ಪಾಯಿತು. 2002ರಲ್ಲಿ ಜೈಲಿಗೂ ಹೋದರು. ಸ್ಟಿಕರ್ ಹೇಳಿದ್ದು ಎರಡೂ ನಿಜವಾಯಿತು. ಕಳ್ಳನೂ ಹೌದು, ವೋಟು ಹಾಕಿದ್ದು ಮುಖ್ಯವೂ ಹೌದು.

ಅಮೆರಿಕದ ರಾಜಕೀಯ ಸ್ಟಿಕರ್‌ಗಳಲ್ಲಿ ಒಂದನ್ನೇ ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ. ಇದರಲ್ಲಿ ಬೈದವನಿಗೂ ಏಟು ಬಿದ್ದಿದೆ. ‘ನಮ್ಮ ಗತಿ ನೋಡಿ, ಇವನಿಗೆ ವೋಟು ಹಾಕಬೇಕಾಗಿ ಬಂದಿದೆ’ ಎಂಬ ಸಂಕಟ ಆ ಆರು ಪದಗಳ ಒಳಗೇ ಕೂತಿದೆ. ಕಾರಿನ ಹಿಂದೆ ಬೈಗುಳ ಅಂಟಿಸುವವರು ಸಾವಿರ ಜನ ಸಿಗುತ್ತಾರೆ. ಆದರೆ ನಗು ಬರುವುದು ಹೆಚ್ಚಾಗಿ ಇಂಥ ಕಡೆ.

ಕಾರಿನ ಹಿಂದೆ ಅಂಟಿಸುವ ಚೀಟಿ ಹುಟ್ಟಿದ್ದು ರಾಜಕೀಯಕ್ಕಲ್ಲ, ಪ್ರವಾಸಕ್ಕೆ. ಮೊದಲೆಲ್ಲ ಪ್ರವಾಸಿ ತಾಣಗಳ ಜಾಹೀರಾತನ್ನು ರಟ್ಟು ಅಥವಾ ತಗಡಿನ ಮೇಲೆ ಬರೆದು ಬಂಪರಿಗೆ ತಂತಿಯಿಂದ ಕಟ್ಟುತ್ತಿದ್ದರು. ಮಳೆ ಬಂದರೆ ರಟ್ಟು ಕರಗುತ್ತಿತ್ತು, ಗಾಳಿ ಬಂದರೆ ತಗಡು ಹಾರುತ್ತಿತ್ತು. ಹಿಂದೆ ಅಂಟು ಇರುವ ಲೇಬಲ್ ಅನ್ನು ಸ್ಟಾಂಟನ್ ಎವರಿ ಎಂಬಾತ 1935ರಲ್ಲೇ ತಯಾರಿಸಿದ್ದ. ಹಗಲು ಬೆಳಕಿನಲ್ಲೇ ಕಣ್ಣಿಗೆ ಹೊಡೆಯುವ ಹೊಳಪು ಶಾಯಿಯೂ ಬಂದಿತ್ತು. ಎರಡನೇ ಮಹಾಯುದ್ಧ ಮುಗಿದ ಹೊತ್ತಿಗೆ ಕನ್ಸಾಸ್ ಸಿಟಿಯ ಫಾರೆಸ್ಟ್ ಗಿಲ್ ಎಂಬ ಸಿಲ್ಕ್‌ಸ್ಕ್ರೀನ್ ಪ್ರಿಂಟರ್ ಇವೆರಡನ್ನೂ ಸೇರಿಸಿದ. ಬಂಪರ್ ಸ್ಟಿಕರ್ ಕಂಡುಹಿಡಿದವನು ಅಂತ ಸಾಮಾನ್ಯವಾಗಿ ಅವನ ಹೆಸರನ್ನೇ ಹೇಳುತ್ತಾರೆ.

1952ರಲ್ಲಿ ಐಸೆನ್‌ಹೋವರ್ ಮತ್ತು ಸ್ಟೀವನ್ಸನ್ ನಡುವಿನ ಅಧ್ಯಕ್ಷ ಚುನಾವಣೆಯಲ್ಲಿ ಅದು ದೇಶದ ತುಂಬ ಕಾಣಿಸಿಕೊಂಡಿತು. ‘ಐ ಲೈಕ್ ಐಕ್’ (ನನಗೆ ಐಕ್ ಇಷ್ಟ; ಐಕ್ ಅಂದರೆ ಐಸೆನ್‌ಹೋವರ್ ಅಡ್ಡಹೆಸರು) ಎಂಬ ಘೋಷಣೆ ನಾಲಿಗೆಗೆ ಸುಲಭ, ಕಿವಿಗೆ ಇಂಪು. ಆದರೆ ಅದರಲ್ಲಿ ಜೋಕೇನೂ ಇರಲಿಲ್ಲ. ಜೋಕು ಆಗ ಇದ್ದದ್ದು ಕೋಟಿಗೆ ಚುಚ್ಚಿಕೊಳ್ಳುವ ಬ್ಯಾಡ್ಜುಗಳಲ್ಲಿ. 1940ರಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಮೂರನೇ ಬಾರಿ ನಿಂತಾಗ ಎದುರು ಪಾಳಯದವರು ‘ನಮಗೆ ಎಲಿನಾರ್ ಕೂಡ ಬೇಡ’ ಎಂಬ ಬ್ಯಾಡ್ಜ್ ಹಾಕಿಕೊಂಡಿದ್ದರು. ಎಲಿನಾರ್ ಅಂದರೆ ರೂಸ್‌ವೆಲ್ಟ್ ಹೆಂಡತಿ. ಗಂಡನ ಹೆಸರೇ ಅಲ್ಲಿಲ್ಲ. ‘ಕೂಡ’ ಎಂಬ ಒಂದು ಪದ ಅವನನ್ನೂ ಆಚೆ ಹಾಕುತ್ತದೆ.

ಇಂಥ ಚೇಷ್ಟೆ ಕೋಟಿನಿಂದ ಬಂಪರಿಗೆ ಜೋರಾಗಿ ಇಳಿದದ್ದು 1964ರಲ್ಲಿ. ರಿಪಬ್ಲಿಕನ್ ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್. ಚಿನ್ನ ಮತ್ತು ನೀರು. ಚಿನ್ನದ ರಾಸಾಯನಿಕ ಚಿಹ್ನೆ ‘ಎಯು’, ನೀರಿನದು ‘ಎಚ್-2-ಓ’. ಎರಡನ್ನೂ ಸೇರಿಸಿ ಸ್ಟಿಕರ್ ಮಾಡಿದರು, ಅಷ್ಟೇ. ಎಸ್ಸೆಸ್ಸೆಲ್ಸಿ ವಿಜ್ಞಾನ ಪಾಸಾದವರಿಗೆ ತಟ್ಟನೆ ಹೊಳೆಯುತ್ತದೆ, ಹೊಳೆದ ಕೂಡಲೇ ಒಂದು ಸಣ್ಣ ಖುಷಿ. ಓದಿದವನು ತಾನೇ ಬಿಡಿಸಿದ್ದರಿಂದ ಆ ಖುಷಿ. ನಮ್ಮ ಒಗಟುಗಳೂ ಹೀಗೇ ಅಲ್ವಾ? ಉತ್ತರ ಹೇಳಿಬಿಟ್ಟರೆ ಒಗಟು ಸತ್ತ ಹಾಗೆ.

ಗೋಲ್ಡ್‌ವಾಟರ್ ಘೋಷಣೆ ‘ಅವರು ಸರಿ ಅಂತ ನಿಮ್ಮ ಹೃದಯಕ್ಕೆ ಗೊತ್ತು’ ಎಂದಿತ್ತು. ವಿರೋಧಿಗಳು ಅದೇ ಧಾಟಿಯಲ್ಲಿ, ಪ್ರಾಸ ಹೊಂದಿಸಿ, ‘ಅವರಿಗೆ ತಲೆ ಕೆಟ್ಟಿದೆ ಅಂತ ನಿಮ್ಮ ಹೊಟ್ಟೆಗೆ ಗೊತ್ತು’ ಅಂದರು. ಇನ್ನೊಂದು ಕುಚೋದ್ಯದಲ್ಲಿ ಒಂದೇ ಒಂದು ಅಂಕಿ ಬದಲಾಗಿತ್ತು: ‘1864ಕ್ಕೆ ಗೋಲ್ಡ್‌ವಾಟರ್’. ಈತ ದೇಶವನ್ನು ನೂರು ವರ್ಷ ಹಿಂದಕ್ಕೆ ಒಯ್ಯುತ್ತಾನೆ ಅಂತ ಭಾಷಣ ಮಾಡಬೇಕಾಗಿಯೇ ಬರಲಿಲ್ಲ. ಗೋಲ್ಡ್‌ವಾಟರ್ ಗೆದ್ದದ್ದು ಆರೇ ರಾಜ್ಯ.

ಮುಂದಿನ ಕಾರಿನ ಹಿಂದೆ ಏನಿದೆ ಅಂತ ಓದಲು ಸಿಗ್ನಲ್ಲಿನಲ್ಲಿ ಸಿಗುವ ಸಮಯ ಎಷ್ಟು? ಕೆಲವು ಸೆಕೆಂಡು. ಅಷ್ಟರಲ್ಲಿ ಕಥೆ ಹೇಳಲು ಆಗುವುದಿಲ್ಲ. ಹಾಗಾಗಿ ಸ್ಟಿಕರ್ ಅರ್ಧ ಮಾತು ಮಾತ್ರ ಹೇಳುತ್ತದೆ. ಉಳಿದರ್ಧ ಓದುವವನ ತಲೆಯಲ್ಲಿ ಮೊದಲೇ ಇರಬೇಕು. ಇಲ್ಲದಿದ್ದರೆ ಸ್ಟಿಕರ್ ಬರೀ ಕಾಗದ.

ಇದಕ್ಕೆ ನಿಕ್ಸನ್ ಕಾಲಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 1972ರ ಅಧ್ಯಕ್ಷ ಚುನಾವಣೆಯಲ್ಲಿ ರಿಚರ್ಡ್ ನಿಕ್ಸನ್ 50ರಲ್ಲಿ 49 ರಾಜ್ಯ ಗೆದ್ದರು. ಎದುರಾಳಿ ಜಾರ್ಜ್ ಮೆಕ್‌ಗವರ್ನ್‌ಗೆ ಸಿಕ್ಕಿದ್ದು ಮ್ಯಾಸಚೂಸೆಟ್ಸ್ ಒಂದೇ, ಜೊತೆಗೆ ರಾಜಧಾನಿ ವಾಷಿಂಗ್ಟನ್. ಆಮೇಲೆ ಎದುರು ಪಕ್ಷದ ಕಚೇರಿಗೆ ಕನ್ನ ಹಾಕಿದ್ದನ್ನು ಮುಚ್ಚಿಹಾಕಲು ನೋಡಿದ ವಾಟರ್‌ಗೇಟ್ ಹಗರಣ ಬಿಚ್ಚಿಕೊಂಡಿತು. ಟೇಪುಗಳು, ಸುಳ್ಳುಗಳು ಒಂದೊಂದಾಗಿ ಹೊರಬಂದವು. ಆಗ ಮ್ಯಾಸಚೂಸೆಟ್ಸಿನ ಕಾರುಗಳ ಮೇಲೆ ಹೊಸ ಸ್ಟಿಕರ್ ಹತ್ತಿತು: ‘ನನ್ನನ್ನು ಬೈಬೇಡಿ, ನಾನು ಮ್ಯಾಸಚೂಸೆಟ್ಸಿನವನು.’

ಅದರಲ್ಲಿ ನಿಕ್ಸನ್ ಹೆಸರಿಲ್ಲ, ಹಗರಣದ ಸುದ್ದಿಯಿಲ್ಲ, ಚುನಾವಣೆಯ ಮಾತೂ ಇಲ್ಲ. ಎಲ್ಲವನ್ನೂ ಓದುವವನೇ ತುಂಬಿಕೊಳ್ಳಬೇಕು. ಸಾಕ್ಷಿ ಬೇಕಾದರೆ ಪಕ್ಕದಲ್ಲೇ ನಂಬರ್ ಪ್ಲೇಟಿದೆ, ಅದರ ಮೇಲೆ ರಾಜ್ಯದ ಹೆಸರೂ ಇದೆ. ಸರ್ಕಾರವೇ ಜೋಕಿಗೆ ಮೊಹರು ಹಾಕಿಕೊಟ್ಟ ಹಾಗೆ. ಇನ್ನೂ ಮಜಾ ಏನೆಂದರೆ, ಆ ರಾಜ್ಯದಲ್ಲೂ ಶೇ. 45ರಷ್ಟು ಜನ ನಿಕ್ಸನ್‌ಗೇ ವೋಟು ಹಾಕಿದ್ದರು. ಮತ ಗುಟ್ಟು, ಸ್ಟಿಕರ್ ಬಹಿರಂಗ. ಯಾರು ಬೇಕಾದರೂ ಅಂಟಿಸಿಕೊಂಡು ಸಾಚಾ ಆಗಬಹುದಿತ್ತು.

ನಿಕ್ಸನ್ ಪರ ಇದ್ದವರು ಸುಮ್ನೆ ಕೂರಲಿಲ್ಲ. ‘ವಾಟರ್‌ಗೇಟ್‌ನಲ್ಲಿ ಯಾರೂ ಮುಳುಗಿ ಸಾಯಲಿಲ್ಲ’ ಎಂಬುದು ಅವರ ಸ್ಟಿಕರ್. ಇದು ಕುಟುಕಿದ್ದು ಅದೇ ಮ್ಯಾಸಚೂಸೆಟ್ಸಿನ ಸೆನೆಟರ್ ಟೆಡ್ ಕೆನಡಿಯನ್ನು. 1969ರ ಜುಲೈನಲ್ಲಿ ಚಾಪಕ್ವಿಡಿಕ್ ಎಂಬಲ್ಲಿ ಅವರ ಕಾರು ಸೇತುವೆಯಿಂದ ನೀರಿಗೆ ಬಿದ್ದು, ಜೊತೆಗಿದ್ದ 28 ವರ್ಷದ ಯುವತಿ ಸತ್ತಿದ್ದಳು. ಕೆನಡಿ ಪೊಲೀಸರಿಗೆ ಹೇಳಿದ್ದು ಮರುದಿನ ಬೆಳಿಗ್ಗೆ. ಸ್ಟಿಕರ್ ಹರಿತವಾಗಿದೆ, ‘ವಾಟರ್’ ಪದದ ಆಟವೂ ಚೆನ್ನಾಗಿದೆ. ಆದರೆ ನಗು ಗಂಟಲಲ್ಲೇ ನಿಲ್ಲುತ್ತದೆ, ಯಾಕೆಂದರೆ ಬೆಲೆ ತೆತ್ತವಳು ಆ ಹುಡುಗಿ.

1973ರ ಅಕ್ಟೋಬರಿನಲ್ಲಿ ತನಿಖೆ ನಡೆಸುತ್ತಿದ್ದ ವಿಶೇಷ ಪ್ರಾಸಿಕ್ಯೂಟರನ್ನೇ ನಿಕ್ಸನ್ ತೆಗೆಸಿದಾಗ ಶ್ವೇತಭವನದ ಎದುರು ಜನ ‘ಪದಚ್ಯುತಿ ಬೇಕಿದ್ದರೆ ಹಾರ್ನ್ ಮಾಡಿ’ ಎಂಬ ಬೋರ್ಡು ಹಿಡಿದು ನಿಂತರು. ಕಾರುಗಳು ಹಾರ್ನ್ ಹೊಡೆಯುತ್ತಲೇ ಹೋದವು. ಹಾರ್ನ್ ಅಪರೂಪವಾದ ಊರಿನಲ್ಲಿ ಅದು ಮತದಾನಕ್ಕೆ ಸಮ. ನಮ್ಮ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಈ ಬೋರ್ಡು ಹಿಡಿದಿದ್ದರೆ ನಿಕ್ಸನ್ ಅಂದು ಸಂಜೆಯೇ ರಾಜೀನಾಮೆ ಕೊಡಬೇಕಾಗುತ್ತಿತ್ತು. ಅಲ್ಲಿ ಅವರು ಕೊಟ್ಟದ್ದು 1974ರ ಆಗಸ್ಟ್‌ನಲ್ಲಿ.

ಇಷ್ಟೆಲ್ಲ ಕಾರಿನ ಮೇಲೇ ಯಾಕೆ? ಅಮೆರಿಕದ ಹೆಚ್ಚಿನ ಊರುಗಳಲ್ಲಿ ಮನುಷ್ಯ ಮನುಷ್ಯನಿಗೆ ಎದುರಾಗುವುದೇ ರಸ್ತೆಯಲ್ಲಿ, ಅದೂ ಗಾಜಿನ ಒಳಗಿನಿಂದ. ಹೋಟೆಲ್ ಕಟ್ಟೆ, ಬಸ್ ಸ್ಟ್ಯಾಂಡ್, ಸಂತೆ ಎಂಬ ಮಾತಾಡುವ ಜಾಗಗಳು ಕಡಿಮೆ. ಮಾತಾಡಲು ಉಳಿದಿರುವುದು ಕಾರಿನ ಬೆನ್ನು ಮಾತ್ರ.

ನಮ್ಮಲ್ಲಿ ಆಟೋ, ಲಾರಿಗಳ ಹಿಂದಿನ ಸಾಹಿತ್ಯಕ್ಕೆ ಬರವಿಲ್ಲ. ತಾಯಿಯ ಆಶೀರ್ವಾದ, ಪ್ರೀತಿಯ ಮೋಸ, ಹೊಟ್ಟೆಕಿಚ್ಚು ಪಡಬೇಡ ಎಂಬ ಬುದ್ಧಿಮಾತು ಎಲ್ಲ ಸಿಗುತ್ತದೆ. ರಾಜಕೀಯದ ಜೋಕು ಮಾತ್ರ ಜಾಸ್ತಿ ಸಿಗುವುದಿಲ್ಲ. ಗಾಡಿ ಹೊಟ್ಟೆಪಾಡು. ಗಿರಾಕಿ ಯಾವ ಪಾರ್ಟಿಯವನೋ ಯಾರಿಗೆ ಗೊತ್ತು? ನಮ್ಮ ಚೇಷ್ಟೆ ಗೋಡೆಗೆ ಹೋಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ ಕಾಂಗ್ರೆಸ್ ಹಚ್ಚಿದ ‘ಪೇಸಿಎಂ’ ಪೋಸ್ಟರ್ ನೆನಪಿರಬಹುದು. ಪೇಟಿಎಂ ಬೋರ್ಡಿನ ಹಾಗೇ ಕ್ಯೂಆರ್ ಕೋಡು, ಅದರ ನಡುವೆ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಮುಖ, ಶೇ. 40 ಕಮಿಷನ್ ಆರೋಪ. ದಿನಾ ಕಾಫಿಗೆ ದುಡ್ಡು ಕೊಡುವ ಆ ಚೌಕವೇ ಅರ್ಧ ಜೋಕು ಹೇಳಿಬಿಡುತ್ತಿತ್ತು.

ಕಣ್ಣಿಗೆ ಪರಿಚಿತವಾದ ಚಿತ್ರವನ್ನು ಸ್ವಲ್ಪವೇ ತಿರುಚುವ ಈ ಉಪಾಯ 2000ದಲ್ಲಿ ಅಲ್ಲಿಯೂ ನಡೆದಿತ್ತು. ಡೆಮಾಕ್ರಟಿಕ್ ಪಾರ್ಟಿಯಿಂದ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಕ್ಕೆ ನಿಂತ ಅಲ್ ಗೋರ್ ಮತ್ತು ಲೀಬರ್‌ಮನ್ ಜೋಡಿಯ ಸ್ಟಿಕರ್ ‘ಗೋರ್-ಲೀಬರ್‌ಮನ್’. ಫ್ಲೋರಿಡಾದ ಮರುಎಣಿಕೆ ಎಳೆದಾಡುತ್ತಿದ್ದಾಗ ಎದುರಿನವರು ಅದೇ ಬಣ್ಣ, ಅದೇ ವಿನ್ಯಾಸದಲ್ಲಿ ‘ಸೋರ್-ಲೂಸರ್‌ಮನ್’ ಅಂತ ಅಚ್ಚು ಹಾಕಿಸಿದರು. ಸೋರ್ ಲೂಸರ್ ಅಂದರೆ ಸೋತಮೇಲೂ ಒಪ್ಪದೆ ಮುಖ ಊದಿಸಿಕೊಂಡವನು. ದೂರದಿಂದ ನೋಡಿದರೆ ಗೋರ್ ಸ್ಟಿಕರೇ, ಹತ್ತಿರ ಹೋದರೆ ಬೇರೆ. ಕೊನೆಗೆ ಫ್ಲೋರಿಡಾದಲ್ಲಿ ಅಂತರ ಬರೀ 537 ಮತ.

ಗೆದ್ದ ಜಾರ್ಜ್ ಬುಷ್ ಟೆಕ್ಸಾಸಿನವರು. ಅವರ ಕಾಲದ ಪ್ರಸಿದ್ಧ ಸ್ಟಿಕರ್: ‘ಟೆಕ್ಸಾಸಿನ ಯಾವುದೋ ಹಳ್ಳಿ ತನ್ನ ಪೆದ್ದನನ್ನು ಕಳೆದುಕೊಂಡಿದೆ.’ ಊರಿಗೊಬ್ಬ ಪೆದ್ದ ಇರುತ್ತಾನೆ ಎಂಬ ನಂಬಿಕೆ ಅಲ್ಲೂ ಇದೆ. ಇದನ್ನು ಓದಿದರೆ ಪೇಪರಿನ ‘ಕಾಣೆಯಾಗಿದ್ದಾರೆ’ ಜಾಹೀರಾತಿನ ಹಾಗೆ, ಪಾಪ ಆ ಹಳ್ಳಿಯ ಮೇಲೆ ಕನಿಕರ ಬರುತ್ತದೆ. ಪೆದ್ದ ಎಲ್ಲಿದ್ದಾನೆ ಅಂತ ಸ್ಟಿಕರ್ ಹೇಳುವುದಿಲ್ಲ.

ಮುಂದೆ ಒಬಾಮಾ ಬಂದಾಗ ಇದನ್ನೇ ಕದ್ದು ಟೆಕ್ಸಾಸ್ ತೆಗೆದು ಅವರ ತಂದೆಯ ದೇಶ ಕೀನ್ಯಾ ಹಾಕಿದರು. ವಾಕ್ಯ ಅದೇ, ಆದರೆ ಜೋಕು ಉಳಿಯಲಿಲ್ಲ. ಬುಷ್ ಟೆಕ್ಸಾಸಿನವರು ಅನ್ನುವುದು ನಿಜ. ಒಬಾಮಾ ಹುಟ್ಟಿದ್ದು ಹವಾಯಿಯಲ್ಲಿ. ಕೀನ್ಯಾ ಎಂದ ಕೂಡಲೇ ಅದು ಪೆದ್ದುತನದ ಮಾತಾಗಿ ಉಳಿಯದೆ ‘ನೀನು ನಮ್ಮವನಲ್ಲ’ ಎಂಬ ಮಾತಾಯಿತು. ಒಂದು ಊರಿನ ಹೆಸರು ಬದಲಾದರೆ ಕುಚೋದ್ಯ ಹೇಗೆ ಜನಾಂಗದ್ವೇಷ ಆಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸುಲಭದ ಪಾಠ ನಾನು ಕಂಡಿಲ್ಲ.

ಸ್ಟಿಕರಿಗೆ ಬೆಲೆ ತೆರಬೇಕಾದವರೂ ಇದ್ದಾರೆ. 2005ರ ಮಾರ್ಚಿನಲ್ಲಿ ಡೆನ್ವರ್‌ನಲ್ಲಿ ಬುಷ್ ಭಾಷಣ ಕೇಳಲು ಬಂದ ಕೆಲವರನ್ನು ಹೊರಹಾಕಲಾಯಿತು. ಅವರು ಬಂದ ಕಾರಿನ ಮೇಲೆ, ಇರಾಕ್ ಯುದ್ಧದ ವಿರುದ್ಧ, ‘ತೈಲಕ್ಕಾಗಿ ಇನ್ನು ರಕ್ತ ಬೇಡ’ ಎಂದಿತ್ತು, ಅಷ್ಟೇ ತಪ್ಪು. ಕೇಸು ಸುಪ್ರೀಂ ಕೋರ್ಟಿನ ಬಾಗಿಲವರೆಗೂ ಹೋಯಿತು. 2010ರಲ್ಲಿ ಕೋರ್ಟು ಅದನ್ನು ಎತ್ತಿಕೊಳ್ಳಲು ಒಪ್ಪಲಿಲ್ಲ. ಹಾಗಂತ ಸ್ಟಿಕರಿನವರೆಲ್ಲ ಪಾಪದವರು ಅಂದುಕೊಳ್ಳಬೇಡಿ. ಕೊಲರಾಡೋ ಸ್ಟೇಟ್ ಯೂನಿವರ್ಸಿಟಿಯವರು 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಾರಿನ ಮೇಲೆ ಸ್ಟಿಕರ್ ಮುಂತಾದ ಗುರುತು ಜಾಸ್ತಿ ಇದ್ದಷ್ಟೂ ಓಡಿಸುವವರ ಸಿಟ್ಟು ಜಾಸ್ತಿ. ಬರಹ ಏನು ಅನ್ನುವುದು ಲೆಕ್ಕಕ್ಕೇ ಬರಲಿಲ್ಲ. ‘ವಿಶ್ವಶಾಂತಿ’ ಅಂತ ಬರೆದುಕೊಂಡವನೂ ಅಡ್ಡ ಬಂದರೆ ಬಿಡುವವನಲ್ಲ.

2016ರಲ್ಲಿ ಟ್ರಂಪ್, ಹಿಲರಿ ಕ್ಲಿಂಟನ್ ಇಬ್ಬರ ಮೇಲೂ ಬೇಸತ್ತವರು ಮೂರನೇ ಅಭ್ಯರ್ಥಿಯನ್ನು ನಿಲ್ಲಿಸಿದರು: ‘ದೊಡ್ಡ ಉಲ್ಕೆ 2016. ಒಂದೇ ಸಲ ಮುಗಿಸಿಬಿಡಿ.’ ಒಂದು ಸಮೀಕ್ಷೆಯವರು ತಮಾಷೆಗೆ ಉಲ್ಕೆಯ ಹೆಸರನ್ನೂ ಸೇರಿಸಿ ಕೇಳಿದಾಗ ಶೇ. 13ರಷ್ಟು ಜನ ಅದಕ್ಕೇ ಜೈ ಅಂದರು.

2021ರಿಂದಾಚೆ ಸ್ಟಿಕರ್ ಬಂಪರ್ ಬಿಟ್ಟು ಪೆಟ್ರೋಲ್ ಬಂಕಿಗೆ ಹಾರಿತು. ಬೈಡನ್ ಬೆರಳು ತೋರಿಸುತ್ತಿರುವ ಚಿತ್ರ, ‘ಇದು ನಾನೇ ಮಾಡಿದ್ದು!’ ಎಂಬ ಬರಹ. ಪಂಪಿನ ಮೇಲೆ ರೇಟು ಕಾಣುವ ಜಾಗದ ಪಕ್ಕ ಅಂಟಿಸಿದರೆ ಬೆರಳು ಸರಿಯಾಗಿ ರೇಟಿನ ಕಡೆಗೇ ಹೋಗುತ್ತಿತ್ತು. 2022ರ ಜೂನ್‌ನಲ್ಲಿ ಸರಾಸರಿ ಬೆಲೆ ಗ್ಯಾಲನ್ನಿಗೆ 5 ಡಾಲರ್ ದಾಟಿತು. ಜೋಕು ಚೆನ್ನಾಗಿಯೇ ಇತ್ತು. ಆದರೆ ಅಂಟಿಸಿದವನು ಹೊರಟುಹೋಗುತ್ತಾನೆ, ಕೆರೆಯುವವನು ಬಂಕಿನ ಹುಡುಗ. ಸ್ವಂತ ಕಾರಿನ ಹಿಂದೆ, ಸ್ವಂತ ನಂಬರ್ ಪ್ಲೇಟಿನ ಪಕ್ಕ ಅಂಟಿಸಿಕೊಳ್ಳುವ ಎದೆಗಾರಿಕೆ ಇದರಲ್ಲಿಲ್ಲ.

ಆ ಎದೆಗಾರಿಕೆ ಮತ್ತೆ ಕಂಡದ್ದು ಟೆಸ್ಲಾ ಕಾರುಗಳ ಮೇಲೆ. ಒಂದು ಕಾಲಕ್ಕೆ ಪರಿಸರ ಪ್ರೇಮಿಗಳ ಹೆಮ್ಮೆಯ ಕಾರು. ಕಂಪನಿಯ ಮುಖ್ಯಸ್ಥ ಇಲಾನ್ ಮಸ್ಕ್ ಟ್ರಂಪ್ ಜೊತೆ ನಿಂತಮೇಲೆ ಅದೇ ಕಾರು ಹಲವರಿಗೆ ಮುಜುಗರವಾಯಿತು. 2025ರ ಮೊದಲ ತಿಂಗಳುಗಳಲ್ಲಿ ಕೆಲವು ಕಡೆ ಟೆಸ್ಲಾಗಳಿಗೆ ಗೀರು ಬಿತ್ತು, ಬೆಂಕಿಯೂ ಬಿತ್ತು. ಆಗ ಜೋರಾಗಿ ಖರ್ಚಾದ ಸ್ಟಿಕರ್: ‘ಇಲಾನ್‌ಗೆ ಹುಚ್ಚು ಅಂತ ಗೊತ್ತಾಗುವ ಮೊದಲು ತಗೊಂಡಿದ್ದು.’ ಮ್ಯಾಸಚೂಸೆಟ್ಸಿನ ಹಳೆಯ ಸ್ಟಿಕರಿನ ಮೊಮ್ಮಗ ಇದು. ಅದು ತಪ್ಪು ತನ್ನದಲ್ಲ ಅಂದಿತ್ತು. ಇದು ತಪ್ಪು ತನ್ನದೇ, ಆದರೆ ಅರಿಯದೆ ಆದದ್ದು ಅನ್ನುತ್ತದೆ.

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವ ಗೆಳೆಯನೊಬ್ಬ ಇದನ್ನು ತರಿಸಿದ್ದ. ಅಂಟಿಸಿದರೆ ಮಾರುವಾಗ ರೇಟು ಇಳಿಯುತ್ತೆ, ಆಫೀಸಿನಲ್ಲಿ ಯಾರಾದರೂ ನೋಡಿದರೆ ಅನ್ನೋ ಭಯ ಬೇರೆ. ಅದಕ್ಕೆ ಬೇಕಾದಾಗ ತೆಗೆದಿಡುವ ಮ್ಯಾಗ್ನೆಟ್ ಸ್ಟಿಕರನ್ನೇ ಆರಿಸಿದ್ದ. ಹಳೆಯ ಮಾಡೆಲ್ ಎಸ್ ಕಾರು. ಬಂಪರ್ ಪ್ಲಾಸ್ಟಿಕ್, ಮೈಯೆಲ್ಲ ಅಲ್ಯೂಮಿನಿಯಂ. ಮ್ಯಾಗ್ನೆಟ್ ಎಲ್ಲೂ ಕಚ್ಚಿಕೊಳ್ಳಲಿಲ್ಲ. ಈಗ ಅದು ಅವರ ಮನೆ ಫ್ರಿಜ್ಜಿನ ಮೇಲಿದೆ, ಕೆಳಗೆ ಹಾಲಿನ ಲೆಕ್ಕದ ಚೀಟಿ ಸಿಕ್ಕಿಸಿದ್ದಾರೆ.