ಒಗರು ಹಣ್ಣಿಗೆ ಜಿನ್ನಿನ ಸ್ನಾನ

ಇಂಗ್ಲೆಂಡಿನ ಹೊಲದಂಚಿನ ಬೇಲಿಯಿಂದ ಕಿತ್ತ ಸ್ಲೋ ಹಣ್ಣನ್ನು ಮೊದಲ ಸಲ ಬಾಯಿಗೆ ಹಾಕಿಕೊಂಡಾಗ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಂತಾಯಿತು. ಎಳೆ ಬಾಳೆಕಾಯಿ, ಬಲಿಯದ ನೇರಳೆ, ಗೇರುಹಣ್ಣು ಮೂರನ್ನೂ ಒಟ್ಟಿಗೆ ಅಗಿದ ಹಾಗೆ. ಜೊತೆಗಿದ್ದ ಪಕ್ಕದ ಮನೆಯ ಅಜ್ಜಿ ನಕ್ಕು, "ಇದು ತಿನ್ನೋದಕ್ಕಲ್ಲ, ಜಿನ್ನಿಗೆ ಹಾಕೋದಕ್ಕೆ" ಎಂದರು. ಜಿನ್ ಎಂದರೆ ಜೂನಿಪರ್ ಕಾಯಿಯ ಪರಿಮಳದ ಮದ್ಯ.

ಸ್ಲೋ ಬಿಡುವುದು ಬ್ಲ್ಯಾಕ್‌ಥಾರ್ನ್ ಎಂಬ ಮುಳ್ಳುಪೊದೆಯಲ್ಲಿ. ಪ್ಲಮ್, ಚೆರ್ರಿ, ಬಾದಾಮಿಗಳೆಲ್ಲ ಇದರ ದಾಯಾದಿಗಳು. 18 ಮತ್ತು 19ನೇ ಶತಮಾನಗಳಲ್ಲಿ ಊರೊಟ್ಟಿನ ಬಯಲುಗಳನ್ನು ಕಾಯ್ದೆ ಮಾಡಿ ಖಾಸಗಿ ಹೊಲಗಳಾಗಿ ಒಡೆದಾಗ, ಗಡಿಯುದ್ದಕ್ಕೂ ಮುಳ್ಳುಬೇಲಿ ಎದ್ದಿತು. ಹಣ್ಣು ಆಯುವವರಿಗೆ ಅದೇ ತೋಟ. ಹಣ್ಣಿನ ನಂಟು ಮಾತ್ರ ಬಹಳ ಹಳೆಯದು. 1991ರಲ್ಲಿ ಆಲ್ಪ್ಸ್ ಹಿಮದಲ್ಲಿ ಸಿಕ್ಕ, ಸುಮಾರು 5,300 ವರ್ಷ ಹಿಂದಿನ ಓಟ್ಸಿ ಎಂಬ ಮನುಷ್ಯನ ದೇಹದ ಬಳಿಯೂ ಒಂದು ಸ್ಲೋ ಇತ್ತು.

ಕೀಳುವಾಗ ಗುರುತು ತಪ್ಪಬಾರದು. ಕಪ್ಪು ಹಣ್ಣೆಲ್ಲ ಸ್ಲೋ ಅಲ್ಲ, ಕೆಲವು ಕಡು ವಿಷ. ಸ್ಲೋ ಮೇಲೆ ನೀಲಿ ಬೂದಿ ಬಳಿದಂಥ ಮೇಣದ ಪೊರೆ ಇರುತ್ತದೆ, ಹೆಬ್ಬೆರಳಲ್ಲಿ ಉಜ್ಜಿದರೆ ಒಳಗಿನ ಕಪ್ಪು ಮಿನುಗುತ್ತದೆ. ಕೊಂಬೆಯಲ್ಲಿ ಮುಳ್ಳು, ಹಣ್ಣಿನೊಳಗೆ ಒಂದೇ ಗಟ್ಟಿ ವಾಟೆ. ಸಂಶಯವಿದ್ದರೆ ಬಿಟ್ಟುಬಿಡಿ. ಮುಳ್ಳು ಚುಚ್ಚಿ ಒಳಗೇ ಮುರಿದುಕೊಂಡರೆ ಬೆರಳು ವಾರಗಟ್ಟಲೆ ಊದಿಕೊಳ್ಳಬಹುದು.

ಇನ್ನು ಆ ಒಗರು. ನಮ್ಮ ಆಯುರ್ವೇದ ಅದನ್ನು ಕಷಾಯವೆಂದು ಕರೆದು ಷಡ್ರಸಗಳ ಸಾಲಿನಲ್ಲಿ ಕೂರಿಸಿದೆ. ಇಂದಿನ ವಿಜ್ಞಾನದ ಪ್ರಕಾರ ಅದು ರುಚಿಗಿಂತ ಹೆಚ್ಚಾಗಿ ಸ್ಪರ್ಶ. ಬಾಯಿ ಜಾರುವಂತಿರುವುದು ಎಂಜಲಿನ ಪ್ರೋಟೀನುಗಳಿಂದ. ಹಣ್ಣಿನಲ್ಲಿರುವ ಟ್ಯಾನಿನ್ ಎಂಬ ಒಗರು ವಸ್ತು ಆ ಪ್ರೋಟೀನುಗಳಿಗೆ ಅಂಟಿಕೊಂಡು ಅವುಗಳನ್ನು ಗಂಟುಕಟ್ಟಿಸುತ್ತದೆ. ಕೀಲೆಣ್ಣೆ ಒರೆಸಿ ತೆಗೆದಂತೆ! ಆಮೇಲೆ ನಾಲಿಗೆ, ಕೆನ್ನೆ, ಅಂಗುಳ ಒಂದಕ್ಕೊಂದು ಒರಟಾಗಿ ಉಜ್ಜಿಕೊಳ್ಳುತ್ತವೆ.

ಮೊದಲ ಹಿಮ ಬಿದ್ದ ಮೇಲೆ ಕೀಳಬೇಕು, ಬ್ಲ್ಯಾಕ್‌ಥಾರ್ನಿನ ಮುಳ್ಳಿನಿಂದಲೇ ಒಂದೊಂದು ಹಣ್ಣನ್ನೂ ಚುಚ್ಚಬೇಕು ಎಂದು ಅಜ್ಜಿಯ ಕಾಲದ ನಿಯಮ. ಅದರಲ್ಲಿ ಅರ್ಥವಿದೆ. ಮೇಣದ ಸಿಪ್ಪೆಯ ಮೂಲಕ ಜಿನ್ ಒಳಗಿಳಿಯುವುದು ನಿಧಾನ. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ, ಮಂಜಿನ ಹರಳುಗಳು ಜೀವಕೋಶಗಳನ್ನು ಸೀಳುತ್ತವೆ. ನಾನು ಸೋಮಾರಿ; ಹಣ್ಣನ್ನು ಎರಡು ದಿನ ಫ್ರೀಜರಿನಲ್ಲಿಟ್ಟೆ. ಕರಗುವಾಗ ಸಿಪ್ಪೆಗಳು ತಾವೇ ಬಿರಿದವು.

ಇಲ್ಲಿ ಹುಳಿಸುವುದೂ ಇಲ್ಲ, ಭಟ್ಟಿ ಇಳಿಸುವುದೂ ಇಲ್ಲ. ಅಂಗಡಿಯ ಜಿನ್ನಿನಲ್ಲೇ ನೆನೆಸುವುದು, ಅಷ್ಟೇ. ಒಂದು ಲೀಟರ್ ಜಿನ್ನಿಗೆ ಅರ್ಧ ಕಿಲೋ ಹಣ್ಣು, ಕಾಲು ಕಿಲೋ ಸಕ್ಕರೆ. ಶೇ 37.5 ಆಲ್ಕೋಹಾಲಿನಲ್ಲಿ ಯೀಸ್ಟ್ ಬೆಳೆಯದು. ಮಾವಿನಕಾಯಿಗೆ ಉಪ್ಪು ಬೆರೆಸಿದರೆ ನೀರು ಬಿಡುತ್ತದಲ್ಲ, ಸಕ್ಕರೆಯೂ ಹಾಗೆಯೇ ಹಣ್ಣಿನ ರಸವನ್ನು ಹೊರಗೆಳೆಯುತ್ತದೆ. ಕರಗಿದ ಸಕ್ಕರೆಪಾಕ ಭಾರವಾಗಿ ತಳದಲ್ಲಿ ಕೂರುವುದರಿಂದ ಮೊದಲ ವಾರ ದಿನಾ ಜಾಡಿಯನ್ನು ತಿರುಗಿಸಬೇಕು. ಎರಡನೆಯ ದಿನವೇ ಸಿಪ್ಪೆಯ ಆಂಥೋಸಯಾನಿನ್ ಎಂಬ ಬಣ್ಣದ ವಸ್ತು ಹೊರಬಿದ್ದು ಜಿನ್ ಗುಲಾಬಿಯಾಯಿತು, ತಿಂಗಳೊಳಗೆ ಮಾಣಿಕ್ಯದ ಕೆಂಪು. ಹಣ್ಣಿನ ಹುಳಿಯೇ ಆ ಬಣ್ಣವನ್ನು ನೀಲಿಗೆ ಹೋಗದಂತೆ ಕೆಂಪಿನಲ್ಲಿ ಹಿಡಿದಿಡುವುದು.

ರಸವೂ ಸಕ್ಕರೆಯೂ ಸೇರಿ ಒಂದು ಲೀಟರ್ ಸುಮಾರು 1.4 ಲೀಟರಾದರೆ, ಆಲ್ಕೋಹಾಲ್ ಶೇ 27ರ ಆಸುಪಾಸಿಗೆ ಇಳಿಯುತ್ತದೆ. ಇಂಗ್ಲೆಂಡಿನಲ್ಲಿ ಸ್ಲೋ ಜಿನ್ ಎಂದು ಮಾರಬೇಕಾದರೆ ಕನಿಷ್ಠ ಶೇ 25 ಇರಬೇಕು. ಸಿಹಿ ರುಚಿಗೆ ಮರುಳಾಗಿ ಲೋಟಗಟ್ಟಲೆ ಕುಡಿಯುವ ವಸ್ತುವಲ್ಲ.

ಮೂರನೆಯ ತಿಂಗಳು ಮುಚ್ಚಳ ತೆಗೆದರೆ ಬಾದಾಮಿಯ ಪರಿಮಳ. ಬಾದಾಮಿ ಹಾಕಿರಲಿಲ್ಲ! ವಾಟೆಯೊಳಗಿನ ಅಮಿಗ್ಡಲಿನ್ ಎಂಬ ರಾಸಾಯನಿಕ ಒಡೆದಾಗ ಹುಟ್ಟುವ ಬೆಂಜಾಲ್ಡಿಹೈಡ್ ಎಂಬ ವಸ್ತುವಿನ ವಾಸನೆ ಅದು. ಅದೇ ಒಡೆತದಲ್ಲಿ ಹೈಡ್ರೋಜನ್ ಸಯನೈಡ್ ಎಂಬ ವಿಷವೂ ಹುಟ್ಟುತ್ತದೆ. ಅದಕ್ಕೇ ಹಣ್ಣನ್ನು ಜಜ್ಜುವಾಗ ವಾಟೆ ಒಡೆಯಬಾರದು.

ತೆಳು ಬಟ್ಟೆಯಲ್ಲಿ ಸೋಸಿ ಒಂದು ಗುಟುಕು ಕೊಟ್ಟೆ. ಅಜ್ಜಿ ಬಾಯಿ ಚಪ್ಪರಿಸಿ, "ಸಕ್ಕರೆ ಹೆಚ್ಚಾಯ್ತು" ಎಂದರು. ಬಟ್ಟೆಯಲ್ಲಿ ಉಳಿದಿದ್ದ ಸುಕ್ಕು ಹಣ್ಣೊಂದನ್ನು ಕಚ್ಚಿ ನೋಡಿದೆ. ನಾಲಿಗೆ ಮತ್ತೆ ಅಂಗುಳಕ್ಕೆ ಅಂಟಿತು.