ಡೆಂಗಿ ವೈರಾಣು ನಮ್ಮ ಮೊದಲ ಕಾವಲನ್ನು ದಾಟುವ ಬಗೆ

ಮಳೆಗಾಲದಲ್ಲಿ ಡೆಂಗಿ ಪ್ರಕರಣಗಳು ಏರತೊಡಗಿದಾಗ ರೋಗಿಯ ಮನೆಯವರು ಕೇಳುವ ಮೊದಲ ಪ್ರಶ್ನೆ ಬಹುತೇಕ ಒಂದೇ: "ಡಾಕ್ಟ್ರೇ, ಇವನಿಗೆ ಇಮ್ಯುನಿಟಿ ಕಡಿಮೆ ಇದೆಯಾ?" ನೆಗಡಿಗೂ ಮಲಗದ ಗಟ್ಟಿಮುಟ್ಟಾದ ಹುಡುಗ ಏಕಾಏಕಿ ಹಾಸಿಗೆ ಹಿಡಿದಾಗ ಈ ಸಂಶಯ ಏಳುವುದು ಸಹಜ. ಆದರೆ ಆರೋಗ್ಯವಂತನ ರೋಗನಿರೋಧಕ ವ್ಯವಸ್ಥೆಯನ್ನೇ ಕೆಲವು ದಿನಗಳ ಕಾಲ ತಡೆದಿಡಬಲ್ಲ ಸಾಮರ್ಥ್ಯ ಡೆಂಗಿ ವೈರಾಣುವಿಗೆ ಇದೆ ಎಂಬುದು ಮನದಟ್ಟಾದರೆ ಆ ಪ್ರಶ್ನೆಗೆ ಹೆಚ್ಚು ಅರ್ಥ ಉಳಿಯುವುದಿಲ್ಲ.

ಲಸಿಕೆಯಿಂದಲೋ ಹಿಂದಿನ ಸೋಂಕಿನಿಂದಲೋ ದೇಹ ಕಲಿತುಕೊಳ್ಳುವ ನಿರೋಧಕ ಶಕ್ತಿಯ ಜೊತೆಗೆ, ಹುಟ್ಟಿನಿಂದಲೇ ಜೀವಕೋಶಗಳಲ್ಲಿ ಅಡಕವಾಗಿರುವ ರಕ್ಷಣೆಯೊಂದಿದೆ. ವೈರಾಣುವಿನ ವಂಶಮಾಹಿತಿಯನ್ನು ಹೊತ್ತ ಆರ್‌ಎನ್‌ಎ ಒಳಹೊಕ್ಕಿದ್ದನ್ನು ರಿಗ್-ಐ ಎಂಬಂಥ ಪ್ರೋಟೀನುಗಳು ಗುರುತಿಸಿದ ಕೂಡಲೇ ಆ ಜೀವಕೋಶ ಇಂಟರ್‌ಫೆರಾನನ್ನು ತಯಾರಿಸಿ ಹೊರಕ್ಕೆ ಬಿಡುತ್ತದೆ. 1957ರಲ್ಲಿ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಗುರುತಿಸಿದ ಈ ವಸ್ತು ಊರಿನಲ್ಲಿ ಡಂಗುರ ಸಾರಿದಂತೆ ಸುತ್ತಲಿನ ಜೀವಕೋಶಗಳನ್ನು ಎಚ್ಚರಿಸುತ್ತದೆ. ಸುದ್ದಿ ತಲುಪಿದ ಜೀವಕೋಶಗಳಲ್ಲಿ ನೂರಾರು ವಂಶವಾಹಿಗಳು ಚುರುಕಾಗಿ, ವೈರಾಣು ತನ್ನ ಪ್ರತಿಗಳನ್ನು ತಯಾರಿಸಿಕೊಳ್ಳುವುದಕ್ಕೆ ಅಡ್ಡಿಯಾಗುತ್ತವೆ. ಸೋಂಕಿನ ಆರಂಭದಲ್ಲಿ ಕಾಡುವ ಜ್ವರ, ಮೈಕೈ ನೋವು, ಸುಸ್ತುಗಳಲ್ಲಿ ಬಹುಪಾಲು ಈ ರಕ್ಷಣಾ ಕಾರ್ಯದ ಪರಿಣಾಮವೇ ಆಗಿರುತ್ತದೆ.

ಡೆಂಗಿ ವೈರಾಣುವಿನ ಇಡೀ ಆರ್‌ಎನ್‌ಎ ಉದ್ದ ಸುಮಾರು 10,700 ಅಕ್ಷರಗಳಷ್ಟು. ಅದರಿಂದ ತಯಾರಾಗುವ ಪ್ರೋಟೀನುಗಳು ಹತ್ತೇ ಹತ್ತು. ಇಷ್ಟು ಚಿಕ್ಕ ಬಂಡವಾಳದಲ್ಲಿ ಒಂದೊಂದು ಪ್ರೋಟೀನೂ ಎರಡು ಮೂರು ಕೆಲಸಗಳನ್ನು ನಿರ್ವಹಿಸುತ್ತದೆ. ವೈರಾಣು ಮೊದಲು ಜೀವಕೋಶದೊಳಗಿನ ಪೊರೆಗಳನ್ನು ಮಡಿಸಿ ಪುಟ್ಟ ಚೀಲಗಳನ್ನು ಮಾಡಿಕೊಳ್ಳುತ್ತದೆ ಮತ್ತು ತನ್ನ ಆರ್‌ಎನ್‌ಎಯನ್ನು ಅವುಗಳ ಮರೆಯಲ್ಲಿ ನಕಲು ಮಾಡುತ್ತದೆ. ನಮ್ಮ ಸ್ವಂತ ಆರ್‌ಎನ್‌ಎಯ ತುದಿಯಲ್ಲಿರುವ ರಾಸಾಯನಿಕ ಗುರುತನ್ನೇ ತನ್ನ ಆರ್‌ಎನ್‌ಎಗೂ ಅಂಟಿಸಿಕೊಳ್ಳುವುದರಿಂದ, ಹೊರಗೆ ಬಂದ ಪ್ರತಿಗಳೂ ಪರಕೀಯವೆಂದು ಸುಲಭವಾಗಿ ತೋರುವುದಿಲ್ಲ.

ನನಗೆ ಅತ್ಯಂತ ವಿಸ್ಮಯಕರವಾಗಿ ಕಾಣುವುದು ಇದರ ಮುಂದಿನ ಸಂಗತಿ. ಜೀವಕೋಶದ ಕಿಣ್ವವೊಂದು ವೈರಾಣುವಿನ ಆರ್‌ಎನ್‌ಎಯನ್ನು ಒಂದು ತುದಿಯಿಂದ ಕತ್ತರಿಸುತ್ತಾ ಬರುತ್ತದೆ. ಆದರೆ ಇನ್ನೊಂದು ತುದಿಯ ಬಳಿ ಆರ್‌ಎನ್‌ಎ ಗಂಟಿನಂತೆ ಮಡಿಸಿಕೊಂಡಿರುವುದರಿಂದ ಕಿಣ್ವ ಅಲ್ಲಿಗೆ ನಿಂತುಬಿಡುತ್ತದೆ ಮತ್ತು ಒಂದು ತುಂಡು ಉಳಿದುಕೊಳ್ಳುತ್ತದೆ. ಹೀಗೆ ಉಳಿದ ತುಂಡು ಟ್ರಿಮ್25 ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ರಿಗ್-ಐ ಕ್ರಿಯಾಶೀಲವಾಗಲು ನೆರವಾಗುವ ಪ್ರೋಟೀನೇ ಇದು, ಅದು ಹೀಗೆ ಸಿಲುಕಿಕೊಂಡರೆ ಇಂಟರ್‌ಫೆರಾನ್ ತಯಾರಿ ಕುಂಠಿತವಾಗುತ್ತದೆ. 1994ರಲ್ಲಿ ಪೋರ್ಟೊ ರಿಕೊದಲ್ಲಿ ವ್ಯಾಪಕವಾಗಿ ಹರಡಿದ ಡೆಂಗಿ ತಳಿಯನ್ನು ಪರಿಶೀಲಿಸಿದ ವಿಜ್ಞಾನಿಗಳು, ಅದು ಈ ತುಂಡುಗಳನ್ನು ಹೆಚ್ಚು ಪ್ರಮಾಣದಲ್ಲಿ ಉತ್ಪಾದಿಸುತ್ತಿತ್ತೆಂದು 2015ರಲ್ಲಿ ವರದಿ ಮಾಡಿದರು. ವೈರಾಣುವನ್ನು ನಾಶಪಡಿಸಲು ಹೊರಟ ಕಿಣ್ವದ ಕೆಲಸವೇ ವೈರಾಣುವಿನ ಅನುಕೂಲಕ್ಕೆ ಒದಗಿದಂತಾಯಿತು.

ಇಷ್ಟಾದರೂ ಸ್ವಲ್ಪ ಇಂಟರ್‌ಫೆರಾನ್ ಹೊರಬಿದ್ದೇ ಬೀಳುತ್ತದೆ. ಅದರ ಸಂದೇಶವನ್ನು ಜೀವಕೋಶದ ಹೊರಮೈಯಿಂದ ಕೋಶಕೇಂದ್ರಕ್ಕೆ ಒಯ್ಯುವ ಪ್ರೋಟೀನುಗಳಲ್ಲಿ ಸ್ಟ್ಯಾಟ್2 ಮುಖ್ಯವಾದದ್ದು. ಡೆಂಗಿಯ ಎನ್‌ಎಸ್5 ಪ್ರೋಟೀನು ಸ್ಟ್ಯಾಟ್2ವನ್ನು ಹಿಡಿದು, ಬೇಡದ ಪ್ರೋಟೀನುಗಳನ್ನು ಒಡೆದುಹಾಕುವ ಜೀವಕೋಶದ ಸ್ವಂತ ವ್ಯವಸ್ಥೆಯಿಂದಲೇ ಅದು ನಾಶವಾಗುವಂತೆ ಮಾಡುತ್ತದೆ. ಇಲಿಯ ಸ್ಟ್ಯಾಟ್2 ಮೇಲೆ ಇದೇ ಎನ್‌ಎಸ್5ರ ಆಟ ನಡೆಯುವುದಿಲ್ಲ. ಸಾಮಾನ್ಯ ಪ್ರಯೋಗಾಲಯದ ಇಲಿಗಳಿಗೆ ಮನುಷ್ಯರಂತೆ ಡೆಂಗಿ ಬಾಧಿಸದಿರುವುದಕ್ಕೆ ಇದೂ ಒಂದು ಮುಖ್ಯ ಕಾರಣ. ಆದ್ದರಿಂದಲೇ ಇಂಟರ್‌ಫೆರಾನಿನ ಸಂದೇಶ ಹಿಡಿಯುವ ಗ್ರಾಹಕಗಳಿಲ್ಲದ ವಿಶೇಷ ಇಲಿಗಳನ್ನು ಬಳಸಿ ಔಷಧ, ಲಸಿಕೆಗಳನ್ನು ಪರೀಕ್ಷಿಸಬೇಕಾಗಿ ಬಂದಿದೆ. ಇಂಟರ್‌ಫೆರಾನ್ ಪತ್ತೆಯಾದ 1957ರಲ್ಲೇ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯ ವೈರಾಣುವೂ ಡೆಂಗಿಯ ಹತ್ತಿರದ ಸಂಬಂಧಿ. ಅದರ ಎನ್‌ಎಸ್5 ಕೂಡ ಇಂಟರ್‌ಫೆರಾನಿನ ಸಂದೇಶವನ್ನು ತಡೆಯುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡುಬಂದಿದೆ.

ಎಚ್ಚರಿಕೆಯನ್ನು ಶಾಶ್ವತವಾಗಿ ಅಡಗಿಸುವುದು ವೈರಾಣುವಿಗೆ ಸಾಧ್ಯವಿಲ್ಲ, ಅದರ ಅಗತ್ಯವೂ ಅದಕ್ಕಿಲ್ಲ. ಸೋಂಕಿತ ಸೊಳ್ಳೆ ಕಚ್ಚಿದ 4ರಿಂದ 10 ದಿನಗಳ ನಂತರ ಜ್ವರ ಕಾಣಿಸಿಕೊಳ್ಳುವ ಹೊತ್ತಿಗೆ ರಕ್ತದಲ್ಲಿ ವೈರಾಣು ಯಥೇಚ್ಛವಾಗಿರುತ್ತದೆ, ಮತ್ತೊಂದು ಈಡಿಸ್ ಸೊಳ್ಳೆ ಅದನ್ನು ಹೀರಿಕೊಂಡು ಹೋಗಲು ಅಷ್ಟು ಸಾಕು. ವೈರಾಣುವಿನ ಒಂದು ಪ್ರೋಟೀನನ್ನು ರಕ್ತದಲ್ಲಿ ಹುಡುಕುವ ಎನ್‌ಎಸ್1 ಪರೀಕ್ಷೆ ಮೊದಲ ದಿನಗಳಲ್ಲೇ ಪಾಸಿಟಿವ್ ಬರುವುದಕ್ಕೂ ಇದೇ ಕಾರಣ. ಡೆಂಗಿಯ ನಾಲ್ಕು ಬಗೆಗಳಲ್ಲಿ ಒಂದು ಬಂದುಹೋದವರಿಗೆ ಇನ್ನೊಂದು ತಗುಲಿದಾಗ ಹಳೆಯ ಪ್ರತಿಕಾಯಗಳು ವೈರಾಣುವಿಗೆ ಅಂಟಿಕೊಂಡರೂ ಕೆಲವೊಮ್ಮೆ ಅದನ್ನು ನಿಷ್ಕ್ರಿಯಗೊಳಿಸಲಾರವು. ಬದಲಿಗೆ ಮೊನೊಸೈಟ್ ಎಂಬ ರಕ್ಷಕ ಕಣಗಳ ಒಳಕ್ಕೇ ಅದನ್ನು ಕರೆದೊಯ್ಯುತ್ತವೆ. ಎರಡನೆಯ ಸಲದ ಡೆಂಗಿ ತೀವ್ರವಾಗುವ ಅಪಾಯ ಹೆಚ್ಚು ಎಂದು ನಾವು ವೈದ್ಯರು ಪದೇಪದೇ ಹೇಳುವುದಕ್ಕೆ ಇದು ಹಿನ್ನೆಲೆ.

ಆದ್ದರಿಂದ "ಇಮ್ಯುನಿಟಿ ಬೂಸ್ಟರ್" ಎಂಬ ಹೆಸರಿನ ಪುಡಿ, ಕಷಾಯ, ಗುಳಿಗೆಗಳಿಗೆ ಜ್ವರದ ದಿನಗಳಲ್ಲಿ ಹಣ ಸುರಿಯುವ ಕುಟುಂಬಗಳನ್ನು ಕಂಡಾಗ ನನಗೆ ನೋವಾಗುತ್ತದೆ. ಸ್ಟ್ಯಾಟ್2 ನಾಶವಾಗುವುದನ್ನು ಅವು ತಡೆಯುತ್ತವೆ ಎನ್ನುವುದಕ್ಕೆ ಯಾವ ಆಧಾರವೂ ಇಲ್ಲ. ತೀವ್ರ ಡೆಂಗಿಯಲ್ಲಿ ರಕ್ತನಾಳಗಳಿಂದ ದ್ರವ ಸೋರುವುದಕ್ಕೆ ತಡವಾಗಿ, ಭರದಿಂದ ಎದ್ದ ನಿರೋಧಕ ಪ್ರತಿಕ್ರಿಯೆಯೂ ಒಂದು ಪಾಲು ಕಾರಣವಾಗಿರುವಾಗ, ಅದನ್ನು "ಹೆಚ್ಚಿಸುವ" ಮಾತೇ ಸರಿಯಲ್ಲ. ಜ್ವರಕ್ಕೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ಬೇಡ, ಅವುಗಳಿಂದ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಎಳನೀರು, ಗಂಜಿ, ಓಆರ್‌ಎಸ್ ಧಾರಾಳವಾಗಿ ಕೊಡಿ. ಮೂರನೆಯ ದಿನದಿಂದ ಏಳನೆಯ ದಿನದೊಳಗೆ ಜ್ವರ ಇಳಿಯುತ್ತಿದ್ದಂತೆ ದ್ರವ ಸೋರುವ 24ರಿಂದ 48 ಗಂಟೆಗಳ ಅವಧಿ ಆರಂಭವಾಗಬಹುದು. ಆಗ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ತಣ್ಣಗಾದ ಕೈಕಾಲು, ಅತಿಯಾದ ಮಂಪರು ಇವುಗಳಲ್ಲಿ ಯಾವುದೊಂದು ಕಂಡರೂ, ಪ್ಲೇಟ್‌ಲೆಟ್ ಸಂಖ್ಯೆ ಎಷ್ಟೇ ಇರಲಿ, ಬೆಳಗಾಗುವವರೆಗೆ ಕಾಯದೆ ರೋಗಿಯನ್ನು ಆಸ್ಪತ್ರೆಗೆ ಕರೆತನ್ನಿ.